ಬಾಣಂತಿಯ ದುಃಖಕ್ಕೆ ಹೊಣೆ ಯಾರು?

ಕೂಸು ಹುಟ್ಟಿದ ಮನೆಯಲ್ಲಿ ದುಃಖಕ್ಕೆ ಎಡೆಯಿಲ್ಲವೆಂಬುದು ನಮ್ಮೆಲ್ಲರ ನಂಬಿಕೆ. ತೊಟ್ಟಿಲು ಕಟ್ಟಿದ್ದಾಗಿದೆ, ನೆಂಟರಿಷ್ಟರಿಗೆ ಸಿಹಿ ಹಂಚಿದ್ದಾಗಿದೆ, ಊರಿನಿಂದ ಅಜ್ಜಿ ಬಂದಿದ್ದಾರೆ. ಇಷ್ಟಾಗಿಯೂ ಬಾಣಂತಿ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ, ಕರೆದರೆ ಓಗೊಡದಿದ್ದರೆ, ಮಗು ಅತ್ತಾಗ ಎದ್ದು ಕೂಡಲೂ ಮನಸ್ಸು ಮಾಡದಿದ್ದರೆ ನಾವು ಏನೆನ್ನುತ್ತೇವೆ? "ಮುತ್ತಿನಂಥ ಮಗು ಬಂದಿದೆ, ಇವಳಿಗೆ ಇನ್ನೇನು ಕಡಿಮೆಯಾಗಿದೆ?" ಎನ್ನುತ್ತೇವೆ. ಹಾಗೆ ಕೇಳುವವರು ಕೆಟ್ಟವರೇನಲ್ಲ. ಆದರೆ ಆ ಪ್ರಶ್ನೆಯ ಹೊಟ್ಟೆಯಲ್ಲಿಯೇ ಒಂದು ತೀರ್ಪು ಅಡಗಿದೆ: ದುಃಖಕ್ಕೆ ಕಾರಣ ಹೊರಗೆಲ್ಲೂ ಕಾಣದು, ಆದ್ದರಿಂದ ದೋಷ ಅವಳಲ್ಲಿಯೇ ಇರಬೇಕು.

ಈ ತೀರ್ಪು ಸರಿಯೇ, ಸರಿಯಲ್ಲದಿದ್ದರೆ ಹೊಣೆ ಯಾರ ಪಾಲಿಗೆ ಬರುತ್ತದೆ ಎಂಬುದು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವ ವಿಷಯ. ನಾನು ವೈದ್ಯನಲ್ಲ, ಕೇಂದ್ರ ಸರಕಾರದ ಕಚೇರಿಯೊಂದರ ಗುಮಾಸ್ತ. ಆದರೆ ಬಿ.ಎಸ್ಸಿ. ತರಗತಿಯಲ್ಲಿ ಓದಿದ ಸಂಖ್ಯಾಶಾಸ್ತ್ರ ಇನ್ನೂ ಪೂರ್ತಿ ಮರೆತುಹೋಗಿಲ್ಲ. ಸಹೋದ್ಯೋಗಿಗಳ ರಜೆಯ ಅರ್ಜಿಗಳೂ ನನ್ನ ಮೇಜನ್ನು ಹಾದೇ ಮುಂದಕ್ಕೆ ಹೋಗುತ್ತವೆ. ಈ ಎರಡರ ಬಲದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಒಂದೆರಡು ಭೇದಗಳನ್ನು ಗುರುತಿಸಿಕೊಳ್ಳಬೇಕು. ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನದಿಂದ ಹಲವು ತಾಯಂದಿರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ದೇಹದಲ್ಲಿ ಒಂಬತ್ತು ತಿಂಗಳು ಏರಿದ್ದ ರಸಗಳು ಹೆರಿಗೆಯಾದೊಡನೆ ಒಮ್ಮೆಲೇ ಇಳಿದುಬಿಡುವುದು ಇದಕ್ಕೆ ಒಂದು ಕಾರಣವೆನ್ನುತ್ತಾರೆ. ಎರಡು ವಾರದೊಳಗೆ ಇದು ತಾನಾಗಿಯೇ ಹೋಗುತ್ತದೆ. ಇನ್ನೊಂದು, ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಬುದ್ಧಿಭ್ರಮಣೆ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದರಲ್ಲಿ ಜ್ವರದ ಸನ್ನಿಯೂ ಇದೂ ಬೆರೆತಿದ್ದುವು. ಇದಕ್ಕೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು, ಅದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಇವೆರಡರ ನಡುವೆ ಇರುವುದೇ ಖಿನ್ನತೆ ಮತ್ತು ಆತಂಕ. ವಾರಗಟ್ಟಲೆ ಬಿಡದ ಜಡತೆ, ಮಗು ಮಲಗಿದ್ದರೂ ತನಗೆ ನಿದ್ದೆ ಬಾರದಿರುವುದು, ಮಗುವಿಗೇನೋ ಆಗಿಹೋಗುತ್ತದೆಂಬ ಕಳವಳ, ತಾನು ತಾಯಿಯಾಗಲು ತಕ್ಕವಳಲ್ಲವೆಂಬ ಭಾವ. ಗರ್ಭಿಣಿಯರಲ್ಲಿಯೇ ಇದು ಅನೇಕ ವೇಳೆ ಮೊದಲಾಗಿರುತ್ತದೆ. ನಮ್ಮ ಲಕ್ಷ್ಯಕ್ಕೆ ಬಾರದೆ ಹೋಗುವುದೂ ಇದೇ.

ಇದು ಅಪರೂಪದ ಕಾಯಿಲೆಯೇನೂ ಅಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ 20,043 ತಾಯಂದಿರನ್ನು, ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ 2017ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಹೆರಿಗೆಯ ನಂತರದ ಖಿನ್ನತೆಯ ಪ್ರಮಾಣ ಶೇಕಡ 22. ಹೆಚ್ಚುಕಡಿಮೆ ಐವರಲ್ಲಿ ಒಬ್ಬಳು. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಒಂದು ವರ್ಷಕ್ಕೆ ಎಷ್ಟು ತೊಟ್ಟಿಲು ಕಾರ್ಯಗಳಾಗುತ್ತವೆ ಎಂದು ಲೆಕ್ಕ ಹಾಕಿಕೊಂಡರೆ ಈ ಸಂಖ್ಯೆ ದೂರದ್ದೆನಿಸದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಯಾರಿಗೆ ಈ ಕಾಯಿಲೆ ಬರುವ ಸಂಭವ ಹೆಚ್ಚು ಎಂಬುದಕ್ಕೆ ವೈದ್ಯರು ಒಂದು ಪಟ್ಟಿ ಮಾಡಿದ್ದಾರೆ. ಪಟ್ಟಿಯಲ್ಲಿರುವವನ್ನು 'ರಿಸ್ಕ್ ಫ್ಯಾಕ್ಟರ್' ಎನ್ನುತ್ತಾರೆ, ಅಪಾಯದ ಅಂಶಗಳೆನ್ನೋಣ. ಈ ಮಾತು ಬಳಕೆಗೆ ಬಂದದ್ದು ಹೃದ್ರೋಗದ ವಿಚಾರದಲ್ಲಿ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ವರ್ಷಾನುಗಟ್ಟಲೆ ಪರೀಕ್ಷಿಸಿದವರು 1961ರಲ್ಲಿ ತಮ್ಮ ವರದಿಯಲ್ಲಿ ಇದನ್ನು ಉಪಯೋಗಿಸಿದರು. ರಕ್ತದೊತ್ತಡ, ಕೊಲೆಸ್ಟರಾಲ್ ಮುಂತಾದವು ಆ ಪಟ್ಟಿಯಲ್ಲಿದ್ದುವು. ಇಂಥ ಅಂಶವು ಕಾರಣವೇ ಆಗಿರಬೇಕೆಂದಿಲ್ಲ. ಅದು ಇದ್ದಲ್ಲಿ ರೋಗ ಹೆಚ್ಚು ಮಂದಿಗೆ ಬರುತ್ತದೆ, ಅಷ್ಟೆ. ಅದು ಇದ್ದೂ ರೋಗ ಬಾರದವರುಂಟು, ಇಲ್ಲದೆಯೂ ಬಂದವರುಂಟು.

ಹೃದಯದ ಪಟ್ಟಿಯನ್ನೂ ಬಾಣಂತಿಯ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೊದಲನೆಯದರಲ್ಲಿ ಇರುವುದು ಬಹುಮಟ್ಟಿಗೆ ರೋಗಿಯ ಮೈಯೊಳಗಿನ ಸಂಗತಿ ಅಥವಾ ಅವನದೇ ಅಭ್ಯಾಸ. ಎರಡನೆಯದರಲ್ಲಿ? ನಮಗೆ ನೆರೆಯದಾದ ಗೋವಾದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು 270 ಗರ್ಭಿಣಿಯರನ್ನು ಹೆರಿಗೆಗೆ ಮೊದಲೂ ಆಮೇಲೂ ಮಾತನಾಡಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರಾದದ್ದು. ಹೆರಿಗೆಯಾಗಿ ಆರರಿಂದ ಎಂಟು ವಾರದ ಹೊತ್ತಿಗೆ ಶೇಕಡ 23 ಮಂದಿ ಖಿನ್ನರಾಗಿದ್ದರು; ಅವರಲ್ಲಿ ಶೇಕಡ 78 ಮಂದಿಗೆ ಬಸಿರಿನಲ್ಲಿಯೇ ಮನಸ್ಸಿನ ತೊಂದರೆಯಿತ್ತು. ಅಪಾಯದ ಅಂಶಗಳೆಂದು ಕಂಡವು ಬಡತನ, ಗಂಡಹೆಂಡಿರ ವಿರಸ, ಗಂಡನ ಹೊಡೆತ, ಮತ್ತು ಗಂಡು ಬೇಕೆಂದಿದ್ದಲ್ಲಿ ಹೆಣ್ಣು ಹುಟ್ಟಿದ್ದು. ಅದೇ ವರ್ಷ ತಮಿಳುನಾಡಿನ ಹಳ್ಳಿಗಾಡಿನ 359 ಹೆಂಗಸರ ಅಧ್ಯಯನವೊಂದು ಬಂತು. ಅದರ ಪಟ್ಟಿ: ಕಡಿಮೆ ವರಮಾನ, ಗಂಡು ಬಯಸಿದಾಗ ಹೆಣ್ಣಾದದ್ದು, ಅತ್ತೆಯೊಡನೆ ಮತ್ತು ತಂದೆತಾಯಿಯೊಡನೆ ಮನಸ್ತಾಪ, ಬಸಿರಿನಲ್ಲಿ ಎದುರಾದ ಆಘಾತಗಳು, ಕೆಲಸಕ್ಕೆ ಕೈನೆರವಿಲ್ಲದಿರುವುದು.

ಈ ಪಟ್ಟಿಗಳನ್ನು ಗಟ್ಟಿಯಾಗಿ ಓದಿ ನೋಡಿ. ಹಿಂದೆ ಒಮ್ಮೆ ಖಿನ್ನತೆ ಬಂದದ್ದು, ರಕ್ತಹೀನತೆ, ಥೈರಾಯ್ಡ್, ಗರ್ಭ ಇಳಿದದ್ದು ಮುಂತಾಗಿ ಅವಳ ಮೈಮನಗಳಿಗೆ ಸೇರಿದ ಸಂಗತಿಗಳೂ ಇಲ್ಲವೆಂದಲ್ಲ. ಆದರೆ ಅರ್ಧಕ್ಕರ್ಧ ಬಾಬುಗಳು ಬೇರೆಯವರು ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸಗಳು. ಹೊಡೆತ ಎಂದರೆ ಹೊಡೆದವನೊಬ್ಬನಿದ್ದಾನೆ. ಕೈನೆರವಿಲ್ಲ ಎಂದರೆ ಕೈ ಚಾಚದವರು ಆ ಮನೆಯಲ್ಲಿಯೇ ಇದ್ದಾರೆ. ಗಂಡು ಬೇಕಾಗಿತ್ತು ಎಂದರೆ, ಯಾರಿಗೆ ಬೇಕಾಗಿತ್ತು? ಇಲ್ಲಿ ಠಾಣೆ ಕಲ್ಯಾಣಗಳಲ್ಲಿ ಗಂಡಾದರೆ ಪೇಡಾ, ಹೆಣ್ಣಾದರೆ ಬರ್ಫಿ ಹಂಚುವ ರೂಢಿ ಮರಾಠಿಗರಿಂದ ನಮ್ಮವರಿಗೂ ಅಂಟಿದೆ. ಪೊಟ್ಟಣದ ಮುಚ್ಚಳ ತೆಗೆಯುವ ಮುಂಚೆಯೇ ಒಂದು ಮುಖ ಬಾಡುವುದನ್ನು ಆಫೀಸಿನಲ್ಲಿ ಕಂಡವನು ನಾನು. ಶಾಸ್ತ್ರಜ್ಞರ ಭಾಷೆಯಲ್ಲಿ ಇವೆಲ್ಲ 'ಅಂಶ'ಗಳಾದಾಗ ಮಳೆಬಿಸಿಲುಗಳ ಹಾಗೆ ಯಾರಿಗೂ ಸೇರದ ಸಂಗತಿಗಳಾಗಿಬಿಡುತ್ತವೆ. ಲೆಕ್ಕಕ್ಕೆ ಅದು ಅಗತ್ಯ. ಮನೆಯಲ್ಲಿ ಕುಳಿತು ಯೋಚಿಸುವಾಗ ಆ ಭಾಷೆ ಸಾಲದು.

ಹಾಗಾದರೆ ಹೊಣೆ ಯಾರದು? ಎರಡು ಉತ್ತರಗಳು ಸಿದ್ಧವಾಗಿಯೇ ಇವೆ. ಒಂದು, ಅವಳ ಪ್ರಾರಬ್ಧ. ಈ ಮಾತಿನ ಬಗ್ಗೆ ನನಗೆ ಅಗೌರವವಿಲ್ಲ. ತನ್ನ ಕಷ್ಟಕ್ಕೆ ತಾನೇ ಹೇಳಿಕೊಂಡಾಗ ಅದರಲ್ಲಿ ಸಮಾಧಾನವಿದೆ, ಧೈರ್ಯವೂ ಇದೆ. ಇನ್ನೊಬ್ಬರ ಕಷ್ಟಕ್ಕೆ ನಾವು ಹೇಳಿದಾಗ ಮಾತ್ರ ಅದು ಪಕ್ಕಕ್ಕೆ ಜಾರಿಕೊಳ್ಳುವ ಉಪಾಯವಾಗುತ್ತದೆ. ಮೇಲಾಗಿ ಇಲ್ಲೊಂದು ಸೂಕ್ಷ್ಮವಿದೆ. 1987ರಲ್ಲಿ ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಎಂಬ ಮೂವರು ರಚಿಸಿದ ಎಡಿನ್‌ಬರೋ ಪ್ರಶ್ನಾವಳಿ ಎಂಬುದೊಂದಿದೆ. ಹತ್ತೇ ಪ್ರಶ್ನೆ, ಕಳೆದ ಏಳು ದಿನ ಹೇಗಿದ್ದೆ ಎಂದು ತಾಯಿಯೇ ಗುರುತು ಹಾಕಬೇಕು. ಅದರಲ್ಲಿ ಒಂದು ಪ್ರಶ್ನೆ, ತಪ್ಪಿಲ್ಲದೆ ತನ್ನನ್ನು ತಾನು ದೂರಿಕೊಳ್ಳುತ್ತಿದ್ದಾಳೆಯೇ ಎಂಬುದು. ಅಂದರೆ 'ದೋಷ ನನ್ನದೇ' ಎಂಬ ಭಾವವೇ ರೋಗದ ಒಂದು ಲಕ್ಷಣ. ಅವಳು ಒಳಗೆ ಹೇಳಿಕೊಳ್ಳುತ್ತಿರುವುದನ್ನೇ ನಾವು ಹೊರಗಿನಿಂದ ಹೇಳಿದರೆ ಕಾಯಿಲೆಯ ಪಕ್ಷ ವಹಿಸಿದಂತಾಯಿತು.

ಎರಡನೆಯ ಉತ್ತರ, ಅತ್ತೆಯ ಕಾಟ ಎಂಬುದು. ಧಾರಾವಾಹಿ ನೋಡುವ ನಮಗೆ ಇದು ಬಲು ಪ್ರಿಯ. ಆದರೆ ಸಂಖ್ಯಾಶಾಸ್ತ್ರ ಇದನ್ನೂ ಒಪ್ಪುವುದಿಲ್ಲ. ಸೊಸೆಯೊಡನೆ ಮನಸ್ತಾಪವಿದ್ದ ಎಷ್ಟೋ ಮನೆಗಳಲ್ಲಿ ಕಾಯಿಲೆ ಬರಲಿಲ್ಲ. ಮಗಳಂತೆ ನೋಡಿಕೊಂಡ ಮನೆಯಲ್ಲಿಯೂ ಬಂತು. ನೂರು ಮಂದಿಯ ಲೆಕ್ಕದಲ್ಲಿ ಕಂಡದ್ದನ್ನು ಒಬ್ಬಾಕೆಯ ಮೇಲೆ ಆರೋಪಪಟ್ಟಿಯಾಗಿ ಹೊರಿಸಲಾಗದು. ಅತ್ತೆಯ ಮೊಣಕಾಲು ನೋವು, ಮಗನ ಸಾಲ, ಎರಡು ಕೋಣೆಯಲ್ಲಿ ಆರು ಜನ, ಇವೆಲ್ಲ ಸೇರಿದ ಮೇಲೆ ಆಡಿದ ಒಂದು ಕಟು ಮಾತಿಗೆ ಎಷ್ಟು ಪಾಲು ಎಂದು ತೂಗುವ ತಕ್ಕಡಿ ಇಲ್ಲ.

ಇಲ್ಲಿಗೆ ಬಂದು ಬಹಳ ಜನ ನಿಲ್ಲುತ್ತಾರೆ. ಯಾರ ತಪ್ಪೆಂದು ಹೇಳಲಾಗದು, ಆದ್ದರಿಂದ ಯಾರ ಹೊಣೆಯೂ ಅಲ್ಲ ಎನ್ನುತ್ತಾರೆ. ನನಗೆ ಇದು ತರ್ಕದೋಷವೆಂದು ತೋರುತ್ತದೆ. ಬೆಳಗಿನ ಎಂಟರ ಹೊತ್ತಿಗೆ ಡೊಂಬಿವಲಿಯ ಫಾಸ್ಟ್ ಲೋಕಲ್‌ಗೆ ಕಾದು ನಿಂತವರಿಗೆ ಇದನ್ನು ವಿವರಿಸುವುದು ಸುಲಭ. ಬಾಗಿಲಲ್ಲಿ ಐದಾರು ಮಂದಿ ಜೋತು ಬಿದ್ದಿರುತ್ತಾರೆ. ಒಳಗೆ, ಸೀಟುಗಳ ಸಾಲಿನ ನಡುವೆ, ಇನ್ನೂ ಎರಡು ಮೂರು ಜನಕ್ಕೆ ನಿಲ್ಲಲು ಜಾಗವಿರುತ್ತದೆ. ಮುಂದೆ ಇಳಿಯಲು ಕಷ್ಟವಾದೀತೆಂದು ಯಾರೂ ಸರಿಯುವುದಿಲ್ಲ. ಮುಂಬ್ರಾದ ತಿರುವಿನಲ್ಲಿ ಒಬ್ಬ ಬಿದ್ದನೆನ್ನಿ. ಯಾರ ಮೊಣಕೈ ತಾಗಿ ಬಿದ್ದ ಎಂದು ಯಾವ ಪಂಚನಾಮೆಯೂ ಹೇಳಲಾರದು. ಜೋತು ಬಿದ್ದವರೆಲ್ಲ ಬೀಳುವುದೂ ಇಲ್ಲ. ಹಾಗೆಂದು, ಗಾಡಿ ಡೊಂಬಿವಲಿಯಲ್ಲಿ ನಿಂತಿದ್ದಾಗ ಒಳಗಿದ್ದವನು ಒಂದು ಗೇಣು ಸರಿಯಬೇಕಾಗಿತ್ತು ಎಂಬ ಮಾತು ಸುಳ್ಳಾಗುತ್ತದೆಯೇ?

ತಪ್ಪು ಹೊರಿಸುವುದು ನಡೆದುಹೋದದ್ದರ ಕಡೆಗೆ ತಿರುಗಿ ನೋಡುವ ಕೆಲಸ, ಅದಕ್ಕೆ ಖಚಿತವಾದ ಸಾಕ್ಷ್ಯ ಬೇಕು. ಕರ್ತವ್ಯ ಮುಂದಕ್ಕೆ ನೋಡುವಂಥದು. ಅದಕ್ಕೆ ಸಂಭವವಿದೆ ಎಂಬ ತಿಳಿವಳಿಕೆಯೇ ಸಾಕು. ಅಪಾಯದ ಪಟ್ಟಿ ಮೊದಲನೆಯದಕ್ಕೆ ನಿರುಪಯೋಗಿ, ಎರಡನೆಯದಕ್ಕೆ ಅಮೂಲ್ಯ. ಮಗು ಹುಟ್ಟಿದ ಮೇಲೆ 'ನಿನ್ನಿಂದಲೇ ಹೀಗಾಯಿತು' ಎನ್ನಲು ಯಾರಿಗೂ ಹಕ್ಕಿಲ್ಲ. ಹುಟ್ಟುವ ಮೊದಲು 'ನನಗೆ ಸಂಬಂಧವಿಲ್ಲ' ಎನ್ನಲೂ ಹಕ್ಕಿಲ್ಲ. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಈ ಪಟ್ಟಿಯನ್ನು ನಾವು ತಪ್ಪು ವಿಳಾಸಕ್ಕೆ ಕಳಿಸುತ್ತಿದ್ದೇವೆ. ಪತ್ರಿಕೆಗಳು ಗರ್ಭಿಣಿಯರಿಗೆಂದು ಅದನ್ನು ಅಚ್ಚು ಹಾಕುತ್ತವೆ. ಓದಿದ ಗರ್ಭಿಣಿ ತನ್ನಲ್ಲಿ ಎಷ್ಟು ಅಂಶಗಳಿವೆಯೆಂದು ಬೆರಳು ಮಡಿಚಿ ಎಣಿಸಿ ಇನ್ನಷ್ಟು ಕಳವಳಗೊಳ್ಳುತ್ತಾಳೆ. ಅದನ್ನು ಓದಬೇಕಾದವರು ಗಂಡ, ಅತ್ತೆ ಮಾವಂದಿರು, ತವರಿನವರು, ಮಾಲಿಕರು. ಹಾಗೆ ಓದದೆ ಕೆಲವರು ಅದನ್ನೇ ಅಸ್ತ್ರ ಮಾಡಿಕೊಳ್ಳುವುದೂ ಉಂಟು: ಹುಡುಗಿಗೆ ಹಿಂದೊಮ್ಮೆ ಖಿನ್ನತೆಗೆ ಔಷಧಿಯಾಗಿತ್ತಂತೆ ಎಂದು ಸಂಬಂಧ ಮುರಿಯುತ್ತಾರೆ. ಅದಕ್ಕೆ ಹೆದರಿ ತವರಿನವರು ಮುಚ್ಚಿಡುತ್ತಾರೆ. ಹೆರಿಗೆಯ ವೈದ್ಯರಿಗೆ ತಿಳಿಯಲೇಬೇಕಾದ ಸಂಗತಿ ಅವರಿಗೂ ತಿಳಿಯುವುದಿಲ್ಲ.

ನಮ್ಮ ಹಳೆಯ ಪದ್ಧತಿಗಳನ್ನು ಈ ಬೆಳಕಿನಲ್ಲಿ ನೋಡಿದರೆ ಮೆಚ್ಚಬೇಕಾದುದು ಬಹಳವಿದೆ. ಬಸಿರಿಯ ಬಯಕೆಯನ್ನು ಕೇಳಿ ತಿಳಿದು ತೀರಿಸಬೇಕೆಂದು ಕಟ್ಟಳೆ ಮಾಡಿದವರು ಅವಳ ಮನಸ್ಸನ್ನು ವಿಚಾರಿಸುವುದು ಮನೆಯವರ ಕೆಲಸವೆಂದು ತಿಳಿದಿದ್ದರು. ಬಾಣಂತಿಯನ್ನು ಒಂಟಿಯಾಗಿ ಬಿಡಬಾರದು, ಅವಳಿಂದ ಕೆಲಸ ಮಾಡಿಸಬಾರದು ಎಂಬುದೂ ಹಾಗೆಯೇ. ಆದರೆ ಈ ವಿಚಾರಣೆ ಸೀಮಂತಕ್ಕೆ ಮುಗಿಯುತ್ತದೆ. ಕೂಸು ಬಂದ ಮೇಲೆ ಎಲ್ಲರ ಕಣ್ಣೂ ಕೂಸಿನ ಮೇಲೆ. ಬಾಣಂತಿಗೆ ಖಾರ, ಎಣ್ಣೆನೀರು, ಕಷಾಯ ಸಲ್ಲುತ್ತವೆ, 'ನಿನಗೆ ಹೇಗನಿಸುತ್ತದಮ್ಮಾ' ಎಂಬ ಮಾತು ಸಲ್ಲುವುದಿಲ್ಲ. ತವರಿನ ಬಾಣಂತನವೇ ಸರ್ವರೋಗಕ್ಕೂ ಮದ್ದೆನ್ನುವವರು ತಮಿಳುನಾಡಿನ ಪಟ್ಟಿಯಲ್ಲಿ ಹೆತ್ತವರೊಡನೆ ಮನಸ್ತಾಪವೂ ಸೇರಿತ್ತೆಂಬುದನ್ನು ನೆನೆಯಬೇಕು.

ನಮ್ಮ ಉಪನಗರಗಳಲ್ಲಿ ಕಷ್ಟ ಇನ್ನೊಂದು ಬಗೆಯದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಠಾಣೆ ಪನವೇಲಿನಿಂದ ಉಡುಪಿ ಮಂಗಳೂರಿಗೆ ಹೆರಿಗೆಗೆಂದು ಹೋಗುವುದು ಸುಲಭವಾಯಿತು. ವಿಜಯಪುರ ಕಲಬುರಗಿಯ ಕಡೆಯವರಿಗೂ ಕಲ್ಯಾಣದಿಂದ ಗಾಡಿಯುಂಟು. ಮೂರನೆಯದೋ ಐದನೆಯದೋ ತಿಂಗಳಲ್ಲಿ ಮಗುವಿನೊಡನೆ ಮರಳಿ ಬರುತ್ತಾಳೆ. ಅಲ್ಲಿ ಹತ್ತು ಕೈ ಮಗುವನ್ನೆತ್ತಿಕೊಳ್ಳುತ್ತಿದ್ದುವು. ಇಲ್ಲಿ ನವಿಮುಂಬಯಿಯ ಹದಿನಾಲ್ಕನೆಯ ಮಹಡಿಯಲ್ಲಿ ಬೆಳಗಿನ ಏಳೂವರೆಯಿಂದ ರಾತ್ರಿ ಒಂಬತ್ತರವರೆಗೆ ಅವಳು, ಮಗು, ಮುಚ್ಚಿದ ಬಾಗಿಲು. ನೆರೆಯವರ ಭಾಷೆ ಇನ್ನೂ ನಾಲಗೆಗೆ ಹತ್ತಿಲ್ಲ. ಕಾಯಿಲೆಯ ಬೇರು ಹಿಂದಿನದೇ ಇರಬಹುದು, ಅದು ಹಣ್ಣಾಗುವುದು ಈ ಬಾಗಿಲ ಹಿಂದೆ. ಅಷ್ಟು ಹೊತ್ತಿಗೆ ಊರಿನವರು ಬಾಣಂತನ ಚೆನ್ನಾಗಿ ಆಯಿತೆಂದು ಹೇಳಿ ಮುಗಿಸಿರುತ್ತಾರೆ.

ತಂದೆಯ ವಿಷಯವನ್ನು ಯಾರೂ ಕೇಳುವುದಿಲ್ಲ. 2010ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ 43 ಅಧ್ಯಯನಗಳ, 28,004 ಮಂದಿಯ ಲೆಕ್ಕ ಪ್ರಕಟವಾಯಿತು. ಹೆಂಡತಿಯ ಬಸಿರಿನ ಮೊದಲ ಮೂರು ತಿಂಗಳಿಂದ ಮಗುವಿಗೆ ಒಂದು ವರ್ಷ ತುಂಬುವವರೆಗೆ ಶೇಕಡ 10ರಷ್ಟು ತಂದೆಯರಲ್ಲಿ ಖಿನ್ನತೆ ಕಂಡಿತು. ಮೂರರಿಂದ ಆರು ತಿಂಗಳ ನಡುವೆ ಅತಿ ಹೆಚ್ಚು. ಹೆಂಡತಿ ಖಿನ್ನಳಾದಲ್ಲಿ ಗಂಡನಿಗೂ ಸಂಭವ ಜಾಸ್ತಿ. ಆ ಅಧ್ಯಯನಗಳು ಹೆಚ್ಚಾಗಿ ಪರದೇಶದವು. ಆದರೂ ನಮ್ಮಲ್ಲಿ ಹೆಂಡತಿ ಮಗು ತವರಿನಿಂದ ಮರಳುವ ತಿಂಗಳುಗಳೂ ಅವೇ ಎಂಬುದು ನನ್ನನ್ನು ಯೋಚನೆಗೀಡುಮಾಡಿದೆ. ಗಂಡಸು ಅಳುವುದಿಲ್ಲ, ಸಿಡುಕುತ್ತಾನೆ, ಕುಡಿಯುತ್ತಾನೆ, ಓವರ್‌ಟೈಮ್ ಕೇಳಿ ಪಡೆಯುತ್ತಾನೆ. ಹೊಡೆಯುವವನಿಗೆ ಇದು ಸಮಜಾಯಿಷಿಯಾಗಲಾರದು. ಒಂದು ಪಟ್ಟಿಯಲ್ಲಿ ಅಂಶವಾದವನು ಇನ್ನೊಂದರಲ್ಲಿ ತಾನೇ ರೋಗಿಯಾಗಿರಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ಸರಕಾರಿ ನೌಕರನಿಗೆ 1997ರಿಂದ 15 ದಿನದ ಪಿತೃತ್ವ ರಜೆ ಇದೆ. ಹೆರಿಗೆಗೆ ಮುಂಚಿನ 15 ದಿನದಿಂದ ಹಿಡಿದು ಆರು ತಿಂಗಳೊಳಗೆ ತೆಗೆದುಕೊಳ್ಳಬೇಕು. ತಾಯಿಗೆ 2008ರಿಂದ 180 ದಿನ. ನನ್ನ ಮೇಜಿಗೆ ಬರುವ ಪಿತೃತ್ವ ರಜೆಯ ಅರ್ಜಿಗಳು ಬಹುಪಾಲು ಹೆರಿಗೆಯ ವಾರದವೇ. ಮನೆ ತುಂಬ ಹೆಂಗಸರಿರುವ, ಗಂಡಸಿಗೆ ಕೆಲಸವೇ ಇಲ್ಲದ ವಾರ ಅದು. ಆರು ತಿಂಗಳೆಂಬ ಅವಧಿ ನಿಯಮದಲ್ಲಿಯೇ ಇರುವಾಗ, ಹೆಂಡತಿ ತವರಿನಿಂದ ಮರಳಿದ ದಿನಕ್ಕೆ ಆ ರಜೆಯನ್ನು ಉಳಿಸಿಕೊಂಡವನನ್ನು ನಾನು ಒಬ್ಬನನ್ನೇ ಬಲ್ಲೆ. ಖಾಸಗಿ ಕಂಪೆನಿಗಳ ತಾಯಂದಿರಿಗೆ 2017ರ ತಿದ್ದುಪಡಿಯಲ್ಲಿ 26 ವಾರ ದೊರಕಿತು. ತಂದೆಯ ರಜೆ ಕಂಪೆನಿಯ ಔದಾರ್ಯಕ್ಕೆ ಬಿಟ್ಟದ್ದು. ಇನ್ನು ನವಿಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊರುವ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು, ಸೀರೆಯ ಜೋಳಿಗೆಯಲ್ಲಿ ಕೂಸನ್ನು ತೂಗುಹಾಕಿ ಕೆಲಸಕ್ಕೆ ನಿಲ್ಲುವವರು, ಯಾವ ರಜೆಯ ಅರ್ಜಿ ಬರೆಯಬೇಕು? ಪಟ್ಟಿಯ ಮೊದಲ ಬಾಬು ಬಡತನವೆಂಬುದನ್ನು ಮಧ್ಯಮ ವರ್ಗದ ನಾವು ಬೇಗ ಮರೆಯುತ್ತೇವೆ.

ಸರಕಾರದ ಒಂದು ಆದೇಶವನ್ನು ಮಾತ್ರ ಮೆಚ್ಚಿ ಹೇಳಬೇಕು. ಮಗು ಸತ್ತು ಹುಟ್ಟಿದರೆ ಅಥವಾ ಹುಟ್ಟಿದೊಡನೆ ತೀರಿಕೊಂಡರೆ ತಾಯಿಗೆ 60 ದಿನದ ವಿಶೇಷ ರಜೆ ಎಂದು 2022ರ ಸೆಪ್ಟೆಂಬರಿನಲ್ಲಿ ಹೊರಟ ಆದೇಶ ಅದು. ತಾಯಿಯ ಮನಸ್ಸಿಗಾಗುವ ಆಘಾತವನ್ನು ಅದರಲ್ಲಿ ಕಾರಣವಾಗಿ ಕಾಣಿಸಿದ್ದಾರೆ. ಮೈಯ ನೋವಿಗಷ್ಟೇ ಸರ್ಟಿಫಿಕೇಟು ಕೇಳಿ ರೂಢಿಯಾದ ನಮ್ಮ ಕಡತಗಳಲ್ಲಿ ಆ ಮಾತು ಹೊಸದು.

"ನಮ್ಮ ತಾಯಿ ಎಂಟು ಹೆತ್ತಳು, ಇದೆಲ್ಲ ಆಗಿರಲಿಲ್ಲ" ಎಂಬ ಆಕ್ಷೇಪ ಬಂದೇ ಬರುತ್ತದೆ. ಆಗಿರಲಿಲ್ಲವೋ, ಎಣಿಸಿರಲಿಲ್ಲವೋ? ಸನ್ನಿ ಎಂಬ ಹೆಸರು ಭಾಷೆಯಲ್ಲಿ ಉಳಿದಿದೆಯೆಂದರೆ ಕಾಯಿಲೆಯ ದೊಡ್ಡಣ್ಣನನ್ನಾದರೂ ಅವರು ಕಂಡಿದ್ದರು, ತಮ್ಮನಿಗೆ ಹೆಸರಿಟ್ಟಿರಲಿಲ್ಲ. ಮುಂಬಯಿಯಲ್ಲಿ 'ಠಾಣೆಗೆ ಕಳಿಸಬೇಕು' ಎಂದರೆ ಹುಚ್ಚು ಹಿಡಿದಿದೆ ಎಂದರ್ಥ. 1901ರಿಂದ ಇಲ್ಲಿರುವ ಮನೋರೋಗ ಆಸ್ಪತ್ರೆ ನಮ್ಮ ಊರಿನ ಹೆಸರನ್ನೇ ಬೈಗುಳವಾಗಿಸಿದೆ. ಇಂಥ ಊರಿನಲ್ಲಿ ಸೊಸೆಯನ್ನು ಮನೋವೈದ್ಯರ ಬಳಿ ಕರೆದೊಯ್ಯಲು ಅಂಜುವುದು ಆಶ್ಚರ್ಯವಲ್ಲ. ಮಗುವನ್ನು ಕಿತ್ತುಕೊಂಡು ತಾಯನ್ನು ಕೂಡಿಹಾಕುತ್ತಾರೆಂಬ ಭಯವೂ ಇದೆ. ಅದಕ್ಕೆ ಈಗ ಆಧಾರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಿಭಾಗವಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮೊಲೆಯುಣಿಸುವವಳೂ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಯಾವುದೆಂದು ವೈದ್ಯರೇ ಹೇಳಬೇಕು.

ಔಷಧಿಯಿಲ್ಲದೆಯೂ ಎಷ್ಟು ಸಾಧ್ಯವೆಂಬುದಕ್ಕೆ ನೆರೆಯ ಪಾಕಿಸ್ತಾನದ ನಿದರ್ಶನವಿದೆ. ರಾವಲ್ಪಿಂಡಿಯ ಹಳ್ಳಿಗಳಲ್ಲಿ ಡಾ. ಆತಿಫ್ ರೆಹಮಾನ್ ಎಂಬವರು ಬಸಿರಿನಲ್ಲಿಯೇ ಖಿನ್ನರಾಗಿದ್ದ 903 ಹೆಂಗಸರನ್ನು ಆರಿಸಿಕೊಂಡರು. ಅರ್ಧದಷ್ಟು ಮಂದಿಯ ಮನೆಗೆ ಅದೇ ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರು ತರಬೇತಿ ಪಡೆದು ಹೋದರು. ಮನೋವೈದ್ಯರಲ್ಲ, ಸ್ಕೂಲು ಮುಗಿಸಿದ ಹೆಂಗಸರು. ಕುಳಿತು ಕೇಳಿದರು, ಯೋಚನೆ ಅಡ್ಡದಾರಿ ಹಿಡಿಯುವುದನ್ನು ಗುರುತಿಸಲು ಕಲಿಸಿದರು, ಮನೆಯವರನ್ನೂ ಮಾತಿಗೆ ಎಳೆದರು. ಇನ್ನರ್ಧಕ್ಕೆ ಈ ತರಬೇತಿಯಿಲ್ಲದ ಭೇಟಿ ಅಷ್ಟೇ. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿದೆ: ಮಗುವಿಗೆ ಆರು ತಿಂಗಳಾದಾಗ ಎರಡನೆಯ ಗುಂಪಿನಲ್ಲಿ ಶೇಕಡ 53 ಮಂದಿ ಖಿನ್ನರಾಗಿಯೇ ಇದ್ದರು, ಮೊದಲ ಗುಂಪಿನಲ್ಲಿ ಶೇಕಡ 23. ಬಡತನ ಹಾಗೆಯೇ ಇತ್ತು, ಅತ್ತೆಯೂ ಅವಳೇ. ಬದಲಾದದ್ದು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬಂದು ಕುಳಿತ ಒಬ್ಬ ಹೆಂಗಸು.

ಅಂಥ ಹೆಂಗಸರು ನಮ್ಮ ಮಹಿಳಾ ವಿಭಾಗದಲ್ಲಿ ಇಲ್ಲವೇ? ಹಳದಿ ಕುಂಕುಮಕ್ಕೆ ಕಲ್ಯಾಣದಿಂದ ಐರೋಲಿಯವರೆಗೆ ಮನೆಮನೆಗೆ ಫೋನು ಮಾಡುವವರು ಊರಿನಿಂದ ಮರಳಿದ ಬಾಣಂತಿಯರ ಹೆಸರನ್ನೂ ಬರೆದಿಟ್ಟುಕೊಳ್ಳಬಹುದು. ಹೋದಾಗ ಮಗುವಿನ ತೂಕವನ್ನು ಕೇಳುವ ಮೊದಲು ತಾಯಿ ರಾತ್ರಿ ಎಷ್ಟು ಹೊತ್ತು ಮಲಗಿದಳೆಂದು ಕೇಳಬೇಕು, ಕನ್ನಡದಲ್ಲಿ ಕೇಳಬೇಕು. ಅವಳು ಸಾವಿನ ಮಾತೆತ್ತಿದರೆ ಗದರಿಸದೆ, ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆ ನಡೆಯುತ್ತಿದೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಸಂಖ್ಯೆ 14416. ಗಂಡಂದಿರೂ ಮಾಡಬಹುದು.